ಎಂಜಿನ್ನಿಗೆ ಉಸಿರಾಟ ಕಲಿಸಿದ ಝೋರಾ

1953ರ ಜನವರಿ. ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಮೋಟೊರಾಮ ಪ್ರದರ್ಶನ ನಡೆದಿತ್ತು. ಫೈಬರ್‌ಗ್ಲಾಸ್ ಮೈಯ, ಎರಡೇ ಆಸನಗಳ ಬಿಳಿ ಕಾರೊಂದರ ಸುತ್ತ ಜನ ಮುಗಿಬಿದ್ದಿದ್ದರು. ಷೆವರ್ಲೆ ವಿಭಾಗ ಅದಕ್ಕೆ ಕಾರ್ವೆಟ್ ಎಂದು ಹೆಸರಿಟ್ಟಿತ್ತು. ನೋಡಲು ಬಂದವರಲ್ಲಿ ನಲವತ್ತಮೂರು ವರ್ಷದ ವಲಸಿಗ ಎಂಜಿನಿಯರ್ ಝೋರಾ ಆರ್ಕಸ್-ಡಂಟೊವ್ ಕೂಡ ಇದ್ದರು. ಕಾರಿನ ಚೆಲುವಿಗೆ ಅವರು ಮಾರುಹೋದರು. ಆದರೆ ಒಳಗಿದ್ದುದು ಸಂಸಾರಿಗರ ಕಾರಿನಿಂದ ಎರವಲು ಪಡೆದು ತುಸು ತಿದ್ದಿದ್ದ ಆರು ಸಿಲಿಂಡರಿನ 150 ಅಶ್ವಶಕ್ತಿಯ ಎಂಜಿನ್, ಜೊತೆಗೆ ಎರಡೇ ಗೇರುಗಳ ಸ್ವಯಂಚಾಲಿತ ಗೇರ್‌ಬಾಕ್ಸ್. ಕುದುರೆಯ ಮೈಕಟ್ಟಿಗೆ ಎತ್ತಿನ ಕಾಲು ಜೋಡಿಸಿದಂತಿತ್ತು. ಡಂಟೊವ್ ಷೆವರ್ಲೆಯ ಮುಖ್ಯ ಎಂಜಿನಿಯರ್ ಎಡ್ ಕೋಲ್ ಅವರಿಗೆ ಪತ್ರ ಬರೆದರು. ಅದೇ ವರ್ಷದ ಮೇ 1ರಂದು ಅವರು ಡೆಟ್ರಾಯಿಟ್‌ನಲ್ಲಿ ಆ ಕಂಪನಿಯ ನೌಕರರಾಗಿದ್ದರು.

ಅಮೆರಿಕದಲ್ಲಿ ಇಂದು ಯಾರಾದರೂ ಅರುವತ್ತರ ದಶಕದ ಹಳೆಯ ಕಮಾರೊ ಅಥವಾ ಷೆವೆಲ್ ಕಾರಿನ ಎಂಜಿನ್ ಇಳಿಸಿ, ಸಿಲಿಂಡರ್ ಕೊರೆಸಿ, ಹೊಸ ಪಿಸ್ಟನ್, ಹೊಸ ಕ್ಯಾಮ್ ಹಾಕಿ ಶಕ್ತಿ ಹೆಚ್ಚಿಸಲು ಹೊರಟರೆ, ಅವರು ನಡೆಯುವುದು ಬಹುಮಟ್ಟಿಗೆ ಈ ಮನುಷ್ಯ ಹಾಕಿಕೊಟ್ಟ ದಾರಿಯಲ್ಲಿಯೇ. ಸಾಧಾರಣ ಗಾತ್ರದ ಕಾರಿಗೆ ಭಾರಿ ವಿ-8 ಎಂಜಿನ್ ಕೂರಿಸಿ ಮಧ್ಯಮವರ್ಗದ ಯುವಕರ ಕೈಗೆಟುಕುವ ಬೆಲೆಗೆ ಮಾರಿದ ಆ ಕಾರುಗಳನ್ನು ಅಲ್ಲಿ ಮಸಲ್ ಕಾರ್ ಎಂದು ಕರೆಯುತ್ತಾರೆ. ಡಂಟೊವ್ ಅವರನ್ನು ಕಾರ್ವೆಟ್‌ನ ಪಿತಾಮಹ ಎಂದು ಕೊಂಡಾಡುವುದು ವಾಡಿಕೆ. ಇದು ಪೂರ್ಣ ಸರಿಯಲ್ಲ. ಆ ಕಾರಿನ ಕಲ್ಪನೆ ವಿನ್ಯಾಸಕ ಹಾರ್ಲೆ ಅರ್ಲ್ ಅವರದು. ಅವರ ನಿಜವಾದ ಕೊಡುಗೆ ಬಾನೆಟ್ಟಿನ ಕೆಳಗಿದೆ.

ಡಂಟೊವ್ ಹುಟ್ಟಿದ್ದು 1909ರ ಡಿಸೆಂಬರ್ 25ರಂದು, ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ. ತಂದೆ ಗಣಿ ಎಂಜಿನಿಯರ್, ತಾಯಿ ವೈದ್ಯಕೀಯ ವಿದ್ಯಾರ್ಥಿನಿ. ಇಬ್ಬರೂ ರಷ್ಯಾ ಮೂಲದ ಯಹೂದಿಗಳು. ಬಾಲ್ಯ ಕಳೆದದ್ದು ರಷ್ಯಾದಲ್ಲಿ, ಕ್ರಾಂತಿಯ ಗದ್ದಲದ ನಡುವೆ. ತಂದೆ-ತಾಯಿ ಬೇರೆಯಾದ ಮೇಲೆ ತಾಯಿಯ ಹೊಸ ಸಂಗಾತಿ ಜೋಸೆಫ್ ಡಂಟೊವ್ ಮನೆಗೆ ಬಂದರು. ತಂದೆ ಆರ್ಕಸ್ ಕೂಡ ಅದೇ ಮನೆಯಲ್ಲಿ ಉಳಿದರು. ಇಬ್ಬರ ಮೇಲಿನ ಗೌರವದಿಂದ ಝೋರಾ ಮತ್ತು ತಮ್ಮ ಯೂರಾ ಎರಡೂ ಹೆಸರುಗಳನ್ನು ಜೋಡಿಸಿಕೊಂಡರು. ಹುಡುಗನಿಗಿದ್ದ ಮೊದಲ ಆಸೆ ಟ್ರಾಮ್ ಚಾಲಕನಾಗುವುದು. 1927ರಲ್ಲಿ ಕುಟುಂಬ ಬರ್ಲಿನ್‌ಗೆ ಬಂದ ಮೇಲೆ ಆ ಆಸೆಯ ಜಾಗದಲ್ಲಿ ಮೋಟಾರ್ ಸೈಕಲ್ ಬಂತು. ಮಗನ ವೇಗಕ್ಕೆ ಹೆದರಿದ ತಾಯಿ, ಬೈಕ್ ಬಿಟ್ಟು ಕಾರು ಕೊಳ್ಳುವಂತೆ ಒತ್ತಾಯಿಸಿದರು. ಆತ ಕೊಂಡದ್ದು ಮುಂದಿನ ಗಾಲಿಗಳಿಗೆ ಬ್ರೇಕೇ ಇಲ್ಲದ ರೇಸಿಂಗ್ ಕಾರು!

1934ರಲ್ಲಿ ಬರ್ಲಿನ್‌ನ ಷಾರ್ಲಟನ್‌ಬರ್ಗ್ ತಾಂತ್ರಿಕ ವಿದ್ಯಾಲಯದಿಂದ ಪದವಿ ಪಡೆದರು. 1939ರಲ್ಲಿ, ಪ್ಯಾರಿಸ್ಸಿನ ಫೋಲೀ ಬೆರ್ಜೇರ್ ರಂಗದಲ್ಲಿ ನರ್ತಕಿಯಾಗಿದ್ದ ಜರ್ಮನ್ ಯುವತಿ ಎಲ್ಫಿ ವುಲ್ಫ್ ಅವರನ್ನು ವಿವಾಹವಾದರು. ಆ ಹೊತ್ತಿಗೆ ಯುದ್ಧ ಬಾಗಿಲಿಗೆ ಬಂದಿತ್ತು. ಸಹೋದರರಿಬ್ಬರೂ ಫ್ರಾನ್ಸಿನ ವಾಯುಪಡೆ ಸೇರಿದರು. 1940ರಲ್ಲಿ ಫ್ರಾನ್ಸ್ ಶರಣಾದಾಗ ಯಹೂದಿ ಎಂಜಿನಿಯರನಿಗೆ ಅಲ್ಲಿ ಉಳಿಗಾಲವಿರಲಿಲ್ಲ. ಪ್ಯಾರಿಸ್ಸಿನಲ್ಲಿದ್ದ ಎಲ್ಫಿ ತಮ್ಮ ಪುಟ್ಟ ಎಂಜಿ ಕಾರನ್ನು ಓಡಿಸಿಕೊಂಡು, ಜರ್ಮನ್ ಸೇನೆ ಬರುವ ಮೊದಲೇ ಬೋರ್ಡೋ ನಗರ ಸೇರಿದರು. ಮಾರ್ಸೇಲ್‌ನ ಸ್ಪೇನ್ ದೂತಾವಾಸದಿಂದ ದೊರೆತ ವೀಸಾ ಹಿಡಿದು ಕುಟುಂಬ ಪೋರ್ಚುಗಲ್ ತಲುಪಿ, ಅಲ್ಲಿಂದ ನ್ಯೂಯಾರ್ಕ್ ಹಡಗು ಹತ್ತಿತು.

ನ್ಯೂಯಾರ್ಕಿನಲ್ಲಿ ಸಹೋದರರು ಆರ್ಡನ್ ಎಂಬ ಕಾರ್ಖಾನೆ ತೆರೆದರು. ಆರ್ಕಸ್ ಮತ್ತು ಡಂಟೊವ್ ಸೇರಿದರೆ ಆರ್ಡನ್. ಯುದ್ಧಕಾಲದಲ್ಲಿ ಮದ್ದುಗುಂಡುಗಳ ಬಿಡಿಭಾಗ ತಯಾರಿಸಿ ಅದು ಸುಮಾರು 300 ನೌಕರರ ಸಂಸ್ಥೆಯಾಗಿ ಬೆಳೆಯಿತು. ಯುದ್ಧ ಮುಗಿದಾಗ ಹೊಸ ಸರಕು ಬೇಕಾಯಿತು. ಡಂಟೊವ್ ಕಣ್ಣು ಬಿದ್ದದ್ದು ಫೋರ್ಡ್ ಕಂಪನಿಯ ವಿ-8 ಎಂಜಿನ್ ಮೇಲೆ.

1932ರಲ್ಲಿ ಬಂದ ಈ ಎಂಜಿನ್ ಅಗ್ಗವಾಗಿತ್ತು, ಗಟ್ಟಿಯಾಗಿತ್ತು, ಗುಜರಿ ಅಂಗಡಿಗಳಲ್ಲಿಯೂ ಧಾರಾಳವಾಗಿ ಸಿಗುತ್ತಿತ್ತು. ಅದನ್ನು ತಂದು ಹಳೆಯ ಕಾರಿಗೆ ಹಾಕಿ, ಹೊರೆ ಕಳಚಿ, ವೇಗ ಹೆಚ್ಚಿಸುವ ಹಾಟ್ ರಾಡ್ ಯುವಕರ ದೊಡ್ಡ ಪಡೆಯೇ ಕ್ಯಾಲಿಫೋರ್ನಿಯಾದಲ್ಲಿತ್ತು. ಆದರೆ ಆ ಎಂಜಿನ್ನಿಗೆ ಹುಟ್ಟಿನಿಂದಲೇ ಉಬ್ಬಸ. ಅದರ ವಾಲ್ವ್‌ಗಳಿದ್ದುದು ಸಿಲಿಂಡರಿನ ಮೇಲೆ ಅಲ್ಲ, ಪಕ್ಕದಲ್ಲಿ. ಒಳಬರುವ ಗಾಳಿ ಅಂಕುಡೊಂಕಾಗಿ ನುಸುಳಬೇಕು. ಸುಟ್ಟ ಹೊಗೆ ಎಂಜಿನ್ ಬ್ಲಾಕಿನ ಮೂಲಕವೇ ಹಾದು ಹೊರಬೀಳಬೇಕು. ಹೀಗಾಗಿ ಭಾರ ಎಳೆಯುವ ಲಾರಿಗಳಲ್ಲಿ ಅದು ಬೇಗ ಕಾದು ಕೂರುತ್ತಿತ್ತು. ಡಂಟೊವ್ ಬ್ಲಾಕನ್ನು ಮುಟ್ಟಲಿಲ್ಲ. ಅದರ ಮೇಲೆ ಕೂರುವ ಸಿಲಿಂಡರ್ ಹೆಡ್ ಮಾತ್ರ ಬದಲಿಸಿದರು. ಅಲ್ಯುಮಿನಿಯಂ ಎರಕದ ಹೊಸ ಹೆಡ್‌ನಲ್ಲಿ ವಾಲ್ವ್‌ಗಳು ಮೇಲಕ್ಕೆ ಬಂದವು. ಉರಿಯುವ ಕೋಣೆ ಅರ್ಧಗೋಳದ ಆಕಾರ ಪಡೆಯಿತು. ಒಂದು ಬದಿಯಿಂದ ಗಾಳಿ ಒಳಗೆ, ಎದುರು ಬದಿಯಿಂದ ಹೊಗೆ ಹೊರಗೆ. ಮೂಲದಲ್ಲಿ ನೂರರ ಆಸುಪಾಸಿನಲ್ಲಿದ್ದ ಅಶ್ವಶಕ್ತಿ ನೂರರುವತ್ತು ದಾಟಿತು.

ಲಾರಿಗಳಿಗೆಂದು ಮಾಡಿದ ಹೆಡ್ ಲಾರಿಯವರಿಗೆ ದುಬಾರಿಯಾಯಿತು. ಅದನ್ನು ಬಯಸಿದವರು ವೇಗದ ಹುಚ್ಚಿನವರು. ಅವರ ಸಂಖ್ಯೆ ಕಾರ್ಖಾನೆ ನಡೆಸುವಷ್ಟಿರಲಿಲ್ಲ. ಪಾಲುದಾರರೊಬ್ಬರ ಹಣಕಾಸಿನ ಎಡವಟ್ಟುಗಳೂ ಸೇರಿ ಆರ್ಡನ್ ಮುಳುಗಿತು. ಡಂಟೊವ್ ಇಂಗ್ಲೆಂಡಿಗೆ ಹೋಗಿ ಅಲಾರ್ಡ್ ಕಾರು ಕಂಪನಿಯಲ್ಲಿ ದುಡಿದರು. ಅದರ ಕಾರಿನಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ರೇಸಿನಲ್ಲಿಯೂ ಭಾಗವಹಿಸಿದರು. ಹೀಗೆ ನಲವತ್ತು ದಾಟಿದ, ದಿವಾಳಿ ಕಂಡ ಮನುಷ್ಯ ಮೋಟೊರಾಮ ಪ್ರದರ್ಶನಕ್ಕೆ ಬಂದದ್ದು.

ದೈತ್ಯ ಕಂಪನಿಯ ಶಿಸ್ತಿಗೂ ಅವರಿಗೂ ಮೊದಲಿನಿಂದಲೂ ಆಗಿಬರಲಿಲ್ಲ. ಕೆಲಸಕ್ಕೆ ಸೇರಿದ ಮರುತಿಂಗಳೇ ರೇಸ್‌ಗೆಂದು ಲೆ ಮಾನ್ಸ್‌ಗೆ ಹೊರಟರು. ಮೇಲಧಿಕಾರಿಗಳ ಮುನಿಸು ಕಟ್ಟಿಕೊಂಡರು. ಆದರೆ ಅದೇ ವರ್ಷದ ಡಿಸೆಂಬರ್ 16ರಂದು ಅವರು ಮೇಲಧಿಕಾರಿ ಮಾರಿಸ್ ಆಲಿ ಅವರಿಗೆ ಸಲ್ಲಿಸಿದ ಟಿಪ್ಪಣಿಯೊಂದು ಅಮೆರಿಕದ ಕಾರು ಚರಿತ್ರೆಯಲ್ಲಿ ಉಳಿದುಹೋಗಿದೆ. ಕಾರು ಕಂಪನಿಗಳ ಕಡತಗಳಲ್ಲಿ ಟಿಪ್ಪಣಿಗಳು ದೂಳು ತಿನ್ನುವುದೇ ಹೆಚ್ಚು. ಇದು ಹಾಗಾಗಲಿಲ್ಲ.

ಅದರ ತಿರುಳು ಸರಳ. ಹಾಟ್ ರಾಡ್ ಹುಡುಗರು ಫೋರ್ಡ್ ಎಂಜಿನ್ನಿನ ಜೊತೆ ಬೆಳೆದವರು. ಅವರು ಓದುವ ಪತ್ರಿಕೆಗಳ ತುಂಬ ಫೋರ್ಡ್. ನಾಳೆ ಸಂಬಳ ಕೈಗೆ ಬಂದಾಗ ಅವರು ಕೊಳ್ಳುವುದೂ ಫೋರ್ಡ್ ಕಾರನ್ನೇ. ಷೆವರ್ಲೆಯ ಹೊಸ ವಿ-8 ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಈ ನಿಷ್ಠೆ ತಾನಾಗಿ ಬದಲಾಗದು. ಹುಡುಗರು ಅದರ ಗುಟ್ಟು ಕಲಿಯಲು ವರ್ಷಗಳು ಬೇಕು. ಆ ಕಾಲವನ್ನು ಕಡಿಮೆ ಮಾಡಬೇಕಾದರೆ ಶಕ್ತಿ ಹೆಚ್ಚಿಸುವ ಕ್ಯಾಮ್, ವಾಲ್ವ್, ಸ್ಪ್ರಿಂಗ್, ಮ್ಯಾನಿಫೋಲ್ಡ್, ಪಿಸ್ಟನ್‌ಗಳನ್ನು ಕಂಪನಿಯೇ ತಯಾರಿಸಿ ಮಾರಾಟಕ್ಕಿಡಬೇಕು. ಇದು ತಂತ್ರಜ್ಞನ ಮಾತೆಂಬುದಕ್ಕಿಂತ ವ್ಯಾಪಾರಿಯ ಮಾತು. ಆದರೆ ತನ್ನ ಹೆಡ್‌ಗಳನ್ನು ಮಾರಲಾಗದೆ ಸೋತ ವ್ಯಾಪಾರಿಯ ಮಾತು ಎಂಬುದನ್ನು ಮರೆಯಬಾರದು.

ಎಡ್ ಕೋಲ್ ತಂಡದ ವಿ-8 ಎಂಜಿನ್ 1955ರ ಮಾದರಿಯಲ್ಲಿ ಬಂತು. ಗಾತ್ರ 265 ಘನ ಅಂಗುಲ, ಅಂದರೆ ಸುಮಾರು 4.3 ಲೀಟರ್. ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಮಾರುತಿ 800 ಕಾರಿನದು 0.8 ಲೀಟರ್ ಎಂಬುದನ್ನು ನೆನೆದರೆ ಅಳತೆ ತಿಳಿದೀತು. ಅಮೆರಿಕದ ಲೆಕ್ಕದಲ್ಲಿ ಅದು ಚಿಕ್ಕದೇ. ಹಾಗಾಗಿಯೇ ಸ್ಮಾಲ್ ಬ್ಲಾಕ್ ಎಂಬ ಹೆಸರು. ಆ ವರ್ಷ ಮಾರಾಟಕ್ಕೆಂದು ತಯಾರಾದ ಕಾರ್ವೆಟ್‌ಗಳು ಬರೀ 700. ಫೋರ್ಡ್‌ನ ಥಂಡರ್‌ಬರ್ಡ್ ಹದಿನಾರು ಸಾವಿರ ದಾಟಿತು. ಕಾರ್ವೆಟ್ ನಿಲ್ಲಿಸುವ ಮಾತು ಎದ್ದಾಗ, ಈಗ ಕೈಬಿಟ್ಟರೆ ಸೋಲೊಪ್ಪಿದಂತೆ ಎಂದು ವಾದಿಸಿದವರಲ್ಲಿ ಡಂಟೊವ್ ಪ್ರಮುಖರು.

ವಾದಕ್ಕೆ ಪುರಾವೆ ಬೇಕಿತ್ತು. 1955ರ ಸೆಪ್ಟೆಂಬರ್‌ನಲ್ಲಿ, ಇನ್ನೂ ಬಿಡುಗಡೆಯಾಗದ ಷೆವರ್ಲೆ ಕಾರಿಗೆ ಮರೆಮಾಚುವ ಬಣ್ಣ ಬಳಿದು ಕೊಲರಾಡೊದ ಪೈಕ್ಸ್ ಪೀಕ್ ಬೆಟ್ಟವನ್ನು 17 ನಿಮಿಷ 24 ಸೆಕೆಂಡುಗಳಲ್ಲಿ ತಾವೇ ಹತ್ತಿಸಿದರು. ಸಾಮಾನ್ಯ ಸೆಡಾನ್‌ಗಳ ಹಳೆಯ ದಾಖಲೆಗಿಂತ ಇದು ಸುಮಾರು ಎರಡು ನಿಮಿಷ ಬೇಗ. ಮುಂದಿನ ಗುರಿ ಫ್ಲಾರಿಡಾದ ಡೇಟೋನಾ ಕಡಲತೀರದಲ್ಲಿ ಕಾರ್ವೆಟ್‌ಗೆ ಗಂಟೆಗೆ 150 ಮೈಲಿ. ಇದಕ್ಕೆ ಇದ್ದ ಎಂಜಿನ್ ಸಾಲದು. ಡಂಟೊವ್ ಕ್ಯಾಮ್‌ಶಾಫ್ಟ್ ಕಡೆ ತಿರುಗಿದರು.

ಕ್ಯಾಮ್‌ಶಾಫ್ಟ್ ಎಂದರೆ ಮೊಟ್ಟೆಯಾಕಾರದ ಉಬ್ಬುಗಳುಳ್ಳ, ತಿರುಗುವ ದಂಡ. ಉಬ್ಬು ಮೇಲೆ ಬಂದಾಗ ವಾಲ್ವ್ ತೆರೆಯುತ್ತದೆ, ಸರಿದಾಗ ಮುಚ್ಚುತ್ತದೆ. ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಪ್ರತಿ ವಾಲ್ವ್ ಸೆಕೆಂಡಿಗೆ 50 ಬಾರಿ ತೆರೆದು ಮುಚ್ಚಬೇಕು. ಅಷ್ಟರಲ್ಲಿ ಗಾಳಿ ಒಳಹೊಕ್ಕರೆ ಶಕ್ತಿ. ಇಲ್ಲದಿದ್ದರೆ ಬರೀ ಸದ್ದು. ವಾಲ್ವ್ ಹೆಚ್ಚು ಎತ್ತರಕ್ಕೆ ಏಳುವಂತೆ ಮಾಡುವುದು ಹಾಟ್ ರಾಡ್ ಲೋಕದಲ್ಲಿ ಬಳಕೆಯಲ್ಲಿದ್ದ ಉಪಾಯ. ಆದರೆ ಅತಿ ವೇಗದಲ್ಲಿ ಸ್ಪ್ರಿಂಗ್ ಅದನ್ನು ಹಿಡಿದಿಡಲಾರದೆ ಸೋಲುತ್ತದೆ. ಡಂಟೊವ್ ಎತ್ತರವನ್ನು ಮಿತವಾಗಿಯೇ ಇಟ್ಟರು. ವಾಲ್ವ್ ತೆರೆದಿರುವ ಅವಧಿಯನ್ನು ಹಿಗ್ಗಿಸಿದರು. ಉಬ್ಬಿನ ಇಳಿಜಾರನ್ನು ನಯಗೊಳಿಸಿದರು. ಕೆಳವೇಗದಲ್ಲಿ ಎಂಜಿನ್ ತುಸು ಒರಟಾಗಿ ಗೊಣಗುತ್ತಿತ್ತು. ಆದರೆ ಉಳಿದ ಎಂಜಿನ್‌ಗಳು ದಣಿಯುವ ವೇಗದಲ್ಲಿ ಇದು ಆಗತಾನೇ ಎದೆಯುಬ್ಬಿಸುತ್ತಿತ್ತು. 1956ರ ಆರಂಭದಲ್ಲಿ ಡೇಟೋನಾದ ಮರಳಿನ ಮೇಲೆ ಡಂಟೊವ್ ಸ್ವತಃ ಚಲಾಯಿಸಿದ ಕಾರ್ವೆಟ್ 150 ಮೈಲಿಯ ಗಡಿ ದಾಟಿತು.

ದಾಖಲೆಗಿಂತ ಮುಖ್ಯವಾದುದು ನಂತರ ಆಯಿತು. ಆ ಕ್ಯಾಮ್ ಪ್ರಯೋಗಾಲಯದಲ್ಲಿ ಉಳಿಯಲಿಲ್ಲ. ಬಿಡಿಭಾಗದ ಸಂಖ್ಯೆ ಪಡೆದು ಮಾರಾಟಕ್ಕೆ ಬಂತು. ಆ ಸಂಖ್ಯೆಯ ಕೊನೆಯ ಮೂರು ಅಂಕಿಗಳಿಂದ ಗ್ಯಾರೇಜುಗಳಲ್ಲಿ ಅದು 097 ಎಂದೇ ಪರಿಚಿತವಾಯಿತು. ಎರಡು ಕಾರ್ಬುರೇಟರ್‌ಗಳ ಜೊತೆ ಅದನ್ನು ಅಳವಡಿಸಿದ 1956ರ ಕಾರ್ವೆಟ್‌ಗೆ 240 ಅಶ್ವಶಕ್ತಿ. ಮೂರು ವರ್ಷಗಳ ಹಿಂದಿನ 150 ಎಲ್ಲಿ, ಇದೆಲ್ಲಿ! ಟಿಪ್ಪಣಿಯಲ್ಲಿ ಬರೆದದ್ದು ನಿಜವಾಗತೊಡಗಿತ್ತು. ಫೋರ್ಡ್ ವಿ-8 ಬಿಟ್ಟು ಹುಡುಗರು ಷೆವರ್ಲೆ ಕಡೆ ಹೊರಳಿದರು.

1957ಕ್ಕೆ ಎಂಜಿನ್ 283 ಘನ ಅಂಗುಲಕ್ಕೆ ಬೆಳೆಯಿತು. ಜಾನ್ ಡೋಲ್ಜಾ ಜೊತೆಗೂಡಿ ಡಂಟೊವ್ ರೂಪಿಸಿದ ಇಂಧನ ಇಂಜೆಕ್ಷನ್ ವ್ಯವಸ್ಥೆಯೊಂದಿಗೆ ಕಂಪನಿ ಘೋಷಿಸಿದ ಶಕ್ತಿಯೂ 283. ಘನ ಅಂಗುಲಕ್ಕೆ ಒಂದು ಅಶ್ವಶಕ್ತಿ. ಜಾಹೀರಾತಿಗೆಂದೇ ಹೇಳಿ ಮಾಡಿಸಿದ ಅಂಕಿ. ಇದಕ್ಕೆ ತೆತ್ತ ಬೆಲೆ ಮಾತ್ರ ಜಾಹೀರಾತಿನಲ್ಲಿರಲಿಲ್ಲ. 1956ರ ಏಪ್ರಿಲ್‌ನಲ್ಲಿ ಪರೀಕ್ಷಾ ಪಥದಲ್ಲಿ ಕಾರು ಅಪಘಾತಕ್ಕೀಡಾಗಿ ಡಂಟೊವ್ ಬೆನ್ನುಮೂಳೆ ಮುರಿದಿತ್ತು. ಮೈಗೆ ಕಟ್ಟು ಬಿಗಿದುಕೊಂಡೇ ಅವರು ಇಂಜೆಕ್ಷನ್ ಕೆಲಸಕ್ಕೆ ಮರಳಿದ್ದರು.

ಗೆಲುವಿನ ಕಥೆ ಇಲ್ಲಿಂದ ಮುಂದೆ ನೇರವಾಗಿ ಸಾಗಲಿಲ್ಲ. ಸೆಬ್ರಿಂಗ್ ರೇಸ್‌ಗೆ ಅವರು ಕಟ್ಟಿದ ಕಾರ್ವೆಟ್ ಎಸ್‌ಎಸ್ 23 ಸುತ್ತುಗಳಲ್ಲಿ ನಿಂತಿತು. ಕಾರು ತಯಾರಕರ ಸಂಘ 1957ರ ಜೂನ್‌ನಲ್ಲಿ ರೇಸಿಂಗ್‌ನಿಂದ ದೂರ ಉಳಿಯಲು ತೀರ್ಮಾನಿಸಿತು. 1962ರಲ್ಲಿ ಹಗುರವಾದ ಗ್ರ್ಯಾಂಡ್ ಸ್ಪೋರ್ಟ್ ಕಾರ್ವೆಟ್‌ಗಳ ಯೋಜನೆ ಹಾಕಿದರು. ಉದ್ದೇಶ 125 ಕಾರು. ಮರುವರ್ಷದ ಆರಂಭದಲ್ಲಿಯೇ ಮೇಲಿನಿಂದ ತಡೆಯಾಜ್ಞೆ ಬಂತು, ತಯಾರಾದವು ಐದೇ. ಈ ಐದೂ ಖಾಸಗಿಯವರ ಕೈಸೇರಿದವು. ಕೆಲವು ಅದೇ ವರ್ಷದ ಕೊನೆಗೆ ನಸ್ಸಾವ್‌ನಲ್ಲಿ ಷೆಲ್ಬಿಯ ಕೋಬ್ರಾಗಳನ್ನು ಹಿಂದಿಕ್ಕಿದವು.

ನೇರ ದಾರಿ ಮುಚ್ಚಿದಾಗ ಅವರ ಆಲೋಚನೆ ಮತ್ತೆ ಬಿಡಿಭಾಗಗಳ ಪಟ್ಟಿಯ ಮೂಲಕವೇ ಹೊರಬಂತು. 1964ರ 365 ಅಶ್ವಶಕ್ತಿಯ ಕಾರ್ವೆಟ್‌ಗೆ ಬಂದ ಹೊಸ ಕ್ಯಾಮ್‌ಗೆ ಥರ್ಟಿ-ಥರ್ಟಿ ಎಂಬ ಅಡ್ಡಹೆಸರು. ಎರಡೂ ಬಗೆಯ ವಾಲ್ವ್‌ಗಳಿಗೆ ಅಂಗುಲದ ಸಾವಿರದಲ್ಲಿ ಮೂವತ್ತು ಪಾಲು ಸಂದು ಬಿಡಬೇಕು. ನಮ್ಮ ಮೆಕ್ಯಾನಿಕ್‌ಗಳು ಟ್ಯಾಪೆಟ್ ಹೊಂದಿಸುವುದು ಎನ್ನುವ ಕೆಲಸವೇ ಇದು. ಇದೇ ಕ್ಯಾಮ್ 1967ರ ಕಮಾರೊ ಝಡ್-28 ಕಾರಿನ 302 ಘನ ಅಂಗುಲದ ಎಂಜಿನ್ನಿಗೂ ಏರಿತು. ಆ ಎಂಜಿನ್ ಸ್ವತಃ ಒಂದು ಕಸಿ: 327ರ ಬ್ಲಾಕಿಗೆ 283ರ ಕ್ರ್ಯಾಂಕ್. ಹಾಟ್ ರಾಡ್ ಹುಡುಗರು ಮನೆಯ ಹಿತ್ತಿಲಿನಲ್ಲಿ ಮಾಡುತ್ತಿದ್ದುದನ್ನು ಈಗ ಕಾರ್ಖಾನೆಯೇ ಮಾಡುತ್ತಿತ್ತು. ಅದೇ ವರ್ಷ ಕಾರ್ವೆಟ್‌ಗೆ ಎಲ್-88 ಎಂಬ 427 ಘನ ಅಂಗುಲದ ಎಂಜಿನ್ ಬಂತು. ಕಾಗದದ ಮೇಲೆ 430 ಅಶ್ವಶಕ್ತಿ; ವಾಸ್ತವದಲ್ಲಿ 500 ಮೀರಿತ್ತು. ಇದನ್ನು ಕೊಂಡವರಿಗೆ ರೇಡಿಯೊ ಇಲ್ಲ. ಮೂರು ವರ್ಷಗಳಲ್ಲಿ ತಯಾರಾದವು 216 ಮಾತ್ರ.

ಒಂದು ಬಯಕೆ ಮಾತ್ರ ಕೈಗೂಡಲಿಲ್ಲ. ಎಂಜಿನ್ ಮುಂದಿರಬಾರದು, ಚಾಲಕನ ಬೆನ್ನ ಹಿಂದಿರಬೇಕು ಎಂಬುದು ಅವರ ದೃಢ ನಂಬಿಕೆ. 1960ರಲ್ಲಿ ಸರ್ವ್-1, 1964ರಲ್ಲಿ ಸರ್ವ್-2 ಎಂಬ ಪ್ರಾಯೋಗಿಕ ಕಾರುಗಳನ್ನು ಕಟ್ಟಿ ತೋರಿಸಿದರು. 1970ರ ನ್ಯೂಯಾರ್ಕ್ ಪ್ರದರ್ಶನದಲ್ಲಿ ಇಂಥದೇ ಇನ್ನೊಂದು ಕಾರು ಜನರ ಮುಂದೆ ಬಂತು. ಖರ್ಚಿನ ಲೆಕ್ಕದ ಮುಂದೆ ಯಾವುದೂ ನಿಲ್ಲಲಿಲ್ಲ. ಮುಂದಿನ ಎಂಜಿನ್ನಿನ ಕಾರು ಚೆನ್ನಾಗಿಯೇ ಮಾರಾಟವಾಗುತ್ತಿರುವಾಗ ಬದಲಾವಣೆ ಏಕೆಂಬುದು ಆಡಳಿತದ ತರ್ಕ. ಅವರೇ ಶಕ್ತಿ ತುಂಬಿ ಉಳಿಸಿದ ಕಾರು ಅವರ ಕನಸಿಗೆ ಅಡ್ಡ ನಿಂತಿತ್ತು. 1975ರ ಜನವರಿ ಹೊತ್ತಿಗೆ, ಅರುವತ್ತೈದು ತುಂಬಿದಾಗ, ನಿವೃತ್ತರಾದರು. ಅಷ್ಟರಲ್ಲಿ ತೈಲ ಬಿಕ್ಕಟ್ಟು ಮತ್ತು ಹೊಗೆ ನಿಯಮಗಳಿಂದ ಮಸಲ್ ಕಾರುಗಳ ಕಾಲವೂ ಮುಗಿದಿತ್ತು.

ಡಂಟೊವ್ 1996ರ ಏಪ್ರಿಲ್ 21ರಂದು ತೀರಿಕೊಂಡರು. ಅವರ ಚಿತಾಭಸ್ಮ ಕೆಂಟುಕಿಯ ಬೌಲಿಂಗ್ ಗ್ರೀನ್‌ನಲ್ಲಿರುವ ರಾಷ್ಟ್ರೀಯ ಕಾರ್ವೆಟ್ ವಸ್ತುಸಂಗ್ರಹಾಲಯದಲ್ಲಿದೆ. ಎಂಜಿನ್ ಬೆನ್ನ ಹಿಂದಿರುವ ಕಾರ್ವೆಟ್ ಜನರೆದುರು ಬಂದದ್ದು 2019ರ ಜುಲೈನಲ್ಲಿ. ಹಳೆಯ ಸ್ಮಾಲ್ ಬ್ಲಾಕ್ ಎಂಜಿನ್ ಬಿಚ್ಚಿ ಕಟ್ಟುವವರಿಗಾಗಿ ಅವರ ಕ್ಯಾಮ್‌ಗಳ ಮಾದರಿಯನ್ನು ಬಿಡಿಭಾಗ ತಯಾರಕರು ಈಗಲೂ ತಯಾರಿಸಿ ಮಾರುತ್ತಾರೆ.