ದಂಡಿನ ಬಂಗಲೆಯಲ್ಲಿ ಚರ್ಚಿಲ್ ಕಲಿತ ವಾಕ್ಯಪಾಠ

ಬೆಂಗಳೂರು: ದಂಡು ಪ್ರದೇಶದಲ್ಲಿ ವಿನ್‌ಸ್ಟನ್ ಚರ್ಚಿಲ್ ಹೆಸರೆತ್ತಿದರೆ ನೆನಪಾಗುವುದು ಬೆಂಗಳೂರು ಕ್ಲಬ್ಬಿನ ಹಳೆಯ ಲೆಕ್ಕದ ಪುಸ್ತಕದಲ್ಲಿ ಅವರ ಹೆಸರಿನಲ್ಲಿರುವ 13 ರೂಪಾಯಿ ಬಾಕಿ. ಆದರೆ ಮುಂದೆ ಲೇಖನಿಯನ್ನೇ ನಂಬಿ ಬದುಕಿದ ಈ ಸೇನಾಧಿಕಾರಿ ತಮ್ಮ ಇಂಗ್ಲಿಷ್ ವಾಕ್ಯಗಳ ತಪ್ಪು-ಒಪ್ಪಿಗೆ ಬೆಲೆ ತೆತ್ತಿದ್ದೂ ಇಲ್ಲಿಯೇ.

1874ರ ನವೆಂಬರ್ 30ರಂದು ಜನಿಸಿದ ಚರ್ಚಿಲ್ ಇಂಗ್ಲೆಂಡಿನ ಹ್ಯಾರೋ ಶಾಲೆಯಲ್ಲಿ ಕೊನೆಯ ಸಾಲಿನ ವಿದ್ಯಾರ್ಥಿ. ಲ್ಯಾಟಿನ್, ಗ್ರೀಕ್ ತಲೆಗೆ ಹತ್ತದವರಿಗೆ ಅಲ್ಲಿ ಇಂಗ್ಲಿಷನ್ನೇ ಕಲಿಸಲಾಗುತ್ತಿತ್ತು. ಉಪಾಧ್ಯಾಯ ರಾಬರ್ಟ್ ಸೋಮರ್‌ವೆಲ್ ಉದ್ದನೆಯ ವಾಕ್ಯವನ್ನು ಬಿಡಿಸಿ, ಕರ್ತೃ, ಕರ್ಮ, ಕ್ರಿಯಾಪದಗಳನ್ನು ಬೇರೆಬೇರೆ ಬಣ್ಣದ ಶಾಯಿಯಲ್ಲಿ ಗುರುತಿಸುತ್ತಿದ್ದರು. ಕೆಳ ತರಗತಿಯಲ್ಲೇ ಹೆಚ್ಚು ಕಾಲ ಉಳಿದ ಚರ್ಚಿಲ್‌ಗೆ ಈ ಪಾಠ ಇತರರಿಗಿಂತ ಚೆನ್ನಾಗಿ ದಕ್ಕಿತು.

1896ರ ಅಕ್ಟೋಬರಿನಲ್ಲಿ ನಾಲ್ಕನೇ ಹುಸಾರ್ಸ್ ಅಶ್ವದಳದೊಂದಿಗೆ ಅವರು ಬೆಂಗಳೂರಿಗೆ ಬಂದರು. ಬೆಳಗ್ಗೆ ಕವಾಯತು, ಸಂಜೆ ಪೋಲೊ. ನಡುಹಗಲಿನ ಬಿಸಿಲಿನಲ್ಲಿ ಬಂಗಲೆಯೊಳಗೆ ಗಿಬ್ಬನ್ ಮತ್ತು ಮೆಕಾಲೆಯವರ ಗ್ರಂಥಗಳ ಓದು. ವಿಶ್ವವಿದ್ಯಾಲಯದ ಮೆಟ್ಟಿಲೇರದ ಯುವಕನಿಗೆ ಆ ಬಂಗಲೆಯೇ ಕಾಲೇಜಾಯಿತು.

1897ರಲ್ಲಿ ವಾಯವ್ಯ ಗಡಿಯ ಮಲಕಂಡ್ ಕಾಳಗದಲ್ಲಿ ಪಾಲ್ಗೊಂಡು ಮರಳಿದ ಅವರು, ಅದರ ಕಥೆಯನ್ನು ಇಲ್ಲಿಯೇ ಕುಳಿತು ಬರೆದರು. ಅದೇ ವಿಷಯದ ಮೇಲೆ ಲಾರ್ಡ್ ಫಿನ್‌ಕ್ಯಾಸಲ್ ಕೂಡ ಪುಸ್ತಕ ಬರೆಯುತ್ತಿದ್ದರಿಂದ ಆತುರವಿತ್ತು. ವರ್ಷಾಂತ್ಯಕ್ಕೆ ಹಸ್ತಪ್ರತಿ ಲಂಡನ್ನಿನಲ್ಲಿದ್ದ ತಾಯಿಗೆ ರವಾನೆಯಾಯಿತು. ಕರಡಚ್ಚು ಹಡಗಿನಲ್ಲಿ ಬೆಂಗಳೂರಿಗೆ ಬಂದು ಮರಳಲು ವಾರಗಟ್ಟಲೆ ಬೇಕು. ಹೀಗಾಗಿ ಅದನ್ನು ತಿದ್ದುವ ಹೊಣೆ ಬಂಧು ಮೋರ್ಟನ್ ಫ್ರೂಯೆನ್ ಅವರ ಪಾಲಿಗೆ ಬಂತು.

1898ರ ಮಾರ್ಚಿನಲ್ಲಿ ಪ್ರಕಟವಾದ ಪುಸ್ತಕದ ತುಂಬ ಅಚ್ಚಿನ ದೋಷಗಳು, ಎಲ್ಲೆಂದರಲ್ಲಿ ಬಿದ್ದ ವಿರಾಮ ಚಿಹ್ನೆಗಳು. ಅದನ್ನು ಕಂಡ 23ರ ಲೇಖಕ ನಾಚಿಕೆಯಿಂದ ಕುದಿದರು. ವಿಮರ್ಶಕರು ಬರಹವನ್ನು ಮೆಚ್ಚಿಕೊಂಡರೂ, ಲಂಡನ್ನಿನ ಪತ್ರಿಕೆಯೊಂದು ಕರಡು ತಿದ್ದಿದ ರೀತಿಯನ್ನು ಗೇಲಿ ಮಾಡಿತು. ತಪ್ಪು ಯಾರದೇ ಇರಲಿ, ಮುಖಪುಟದಲ್ಲಿದ್ದುದು ಚರ್ಚಿಲ್ ಹೆಸರು. ತಿದ್ದಿದ ಆವೃತ್ತಿ ಆಮೇಲೆ ಹೊರಬಂತು.

1899ರಲ್ಲಿ ಅವರು ಬೆಂಗಳೂರು ಬಿಟ್ಟರು. ಮುಂದಿನ ದಶಕಗಳಲ್ಲಿ ತಮ್ಮ ಕರಡಚ್ಚುಗಳನ್ನು ಆಪ್ತ ಎಡ್ವರ್ಡ್ ಮಾರ್ಷ್ ಅವರಿಗೆ ಒಪ್ಪಿಸಿ, ವಿರಾಮ ಚಿಹ್ನೆ, ಪದಪ್ರಯೋಗಗಳ ಬಗ್ಗೆ ಅವರೊಂದಿಗೆ ಪಟ್ಟುಹಿಡಿದು ವಾದಿಸುತ್ತಿದ್ದರು. 1940ರಲ್ಲಿ ಬ್ರಿಟನ್ನಿನ ಪ್ರಧಾನಿಯಾದರು. 1953ರಲ್ಲಿ ಸಾಹಿತ್ಯದ ನೊಬೆಲ್ ಪಡೆದರು. 1965ರ ಜನವರಿ 24ರಂದು ನಿಧನರಾದರು.

ಭಾರತದ ಸ್ವಾತಂತ್ರ್ಯವನ್ನು ಕಡೆಯವರೆಗೂ ವಿರೋಧಿಸಿದ ಈ ವ್ಯಕ್ತಿಯನ್ನು ಇಲ್ಲಿನ ಜನ ಸುಲಭವಾಗಿ ಕ್ಷಮಿಸಲಾರರು. ಆದರೆ ಬರೆದುದನ್ನು ಅಚ್ಚಿಗೆ ಮೊದಲು ಮತ್ತೊಮ್ಮೆ ಓದಬೇಕೆಂಬ ಪಾಠ ಮಾತ್ರ ಎಲ್ಲರಿಗೂ ಸಲ್ಲುವಂಥದು.