ಸಮಾಜಜ್ಯೋತಿ ದಿವಾನ್ ಬಹಾದ್ದೂರ್ ಅಣ್ಣಾಸಾಹೇಬ ಲಠ್ಠೆ

ಕೃಷ್ಣಾ ತೀರದ ದಿಗಂಬರ ಜೈನ ಸಮಾಜವು ವಿದ್ಯಾಮಾರ್ಗದಲ್ಲಿ ಮೊದಲ ಹೆಜ್ಜೆಗಳನ್ನಿಟ್ಟ ಕಾಲದಲ್ಲಿ ಅದಕ್ಕೆ ದಾರಿದೀಪವಾದ ಮಹನೀಯರಲ್ಲಿ ಅಣ್ಣಾ ಬಾಬಾಜಿ ಲಠ್ಠೆಯವರು ಅಗ್ರಗಣ್ಯರು. ನ್ಯಾಯವಾದಿ, ಪ್ರಾಧ್ಯಾಪಕ, ಗ್ರಂಥಕರ್ತ, ಪತ್ರಿಕಾ ಸಂಪಾದಕ, ದಿವಾನ, ಅರ್ಥಮಂತ್ರಿ — ಹೀಗೆ ಅನೇಕ ಪದವಿಗಳನ್ನು ಅಲಂಕರಿಸಿದರೂ ಶ್ರಾವಕಧರ್ಮವನ್ನು ಅವರು ಮರೆಯಲಿಲ್ಲ.

ಲಠ್ಠೆಯವರು 1878ರಲ್ಲಿ ಕುರುಂದವಾಡದಲ್ಲಿ ಜನಿಸಿದರು. ನಮ್ಮ ಸಮಾಜದಲ್ಲಿ ಇಂಗ್ಲಿಷ್ ವಿದ್ಯೆ ವಿರಳವಾಗಿದ್ದ ಆ ದಿನಗಳಲ್ಲಿ ಎಂ.ಎ., ಎಲ್‌ಎಲ್.ಬಿ. ಪದವಿಗಳನ್ನು ಸಂಪಾದಿಸಿದರು. 1899ರಲ್ಲಿ ನಿಪ್ಪಾಣಿ ಸಮೀಪದ ಸ್ತವನಿಧಿ ಕ್ಷೇತ್ರದಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು ಸ್ಥಾಪನೆಗೊಂಡಾಗ ಅದರ ಸಂಸ್ಥಾಪಕರಲ್ಲಿ ಅವರೂ ಒಬ್ಬರು. ಆಗ ಅವರಿಗೆ ಇಪ್ಪತ್ತೊಂದು ವರ್ಷವೂ ತುಂಬಿರಲಿಲ್ಲ. ಕೊಲ್ಲಾಪುರ, ಸಾಂಗ್ಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಸಭೆಯು ನಡೆಸಿದ ಬೋರ್ಡಿಂಗುಗಳು ಕನ್ನಡ ಹಾಗೂ ಮರಾಠಿ ಮನೆಮಾತಿನ ರೈತರ ಮಕ್ಕಳಿಗೆ ಸಮಾನವಾಗಿ ಆಶ್ರಯವಾದವು. 1905ರಲ್ಲಿ ಲಠ್ಠೆಯವರು ಇಂಗ್ಲಿಷಿನಲ್ಲಿ ಜೈನಧರ್ಮದ ಪರಿಚಯ ಗ್ರಂಥವೊಂದನ್ನು ಪ್ರಕಟಿಸಿದರು.

ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅಧ್ಯಾಪನ ಮಾಡಿ, ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿಯೂ ಅವರು ಸೇವೆ ಸಲ್ಲಿಸಿದರು. ಅಷ್ಟರಲ್ಲಿ ಕಠಿಣ ಪರೀಕ್ಷೆಯೊಂದು ಎದುರಾಯಿತು. 1914ರಲ್ಲಿ ಬ್ರಿಟಿಷ್ ರಾಜಮನೆತನದ ಪ್ರತಿಮೆಗೆ ಡಾಂಬರು ಬಳಿದ ಪ್ರಕರಣದಲ್ಲಿ ಸಂಶಯದ ನೆರಳು ಲಠ್ಠೆಯವರ ಮೇಲೆ ಬಿದ್ದಿತು. ಅವರ ವಿರುದ್ಧ ಸುಳ್ಳು ಸಾಕ್ಷಿ ನುಡಿಯುವಂತೆ ಕುಂಭೋಜದಲ್ಲಿ ಜನಿಸಿದ ತರುಣ ಭಾವುರಾವ್ ಪಾಟೀಲರನ್ನು ಸೆರೆಯಲ್ಲಿಟ್ಟು ಹಿಂಸಿಸಲಾಯಿತು. ಆ ತರುಣನು ಸತ್ಯವ್ರತವನ್ನು ಬಿಡಲಿಲ್ಲ. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ ಕರ್ಮವೀರರೆಂದು ಕೀರ್ತಿವಂತರಾದವರು ಅವರೇ. ಲಠ್ಠೆಯವರು ಕೊಲ್ಲಾಪುರವನ್ನು ತೊರೆದು ಬೆಳಗಾವಿಯಲ್ಲಿ ವಕೀಲಿ ವೃತ್ತಿಯನ್ನು ಕೈಗೊಂಡರು.

ಬ್ರಾಹ್ಮಣೇತರ ಚಳವಳಿಯ ಮುಖಂಡರಾಗಿ ಅವರು 'ಡೆಕ್ಕನ್ ರಯತ್' ಎಂಬ ಇಂಗ್ಲಿಷ್ ಪತ್ರಿಕೆಯನ್ನು ನಡೆಸಿದರು. 1921ರಿಂದ ಕೇಂದ್ರ ಶಾಸನಸಭೆಯ ಸದಸ್ಯರಾಗಿದ್ದರು. 1922ರಲ್ಲಿ ಶಾಹು ಮಹಾರಾಜರು ನಿಧನರಾದರು. 1924ರಲ್ಲಿ ಎರಡು ಸಂಪುಟಗಳಲ್ಲಿ ಅವರ ಜೀವನಚರಿತ್ರೆಯನ್ನು ಬರೆದು ಪ್ರಕಟಿಸಿದವರು ಲಠ್ಠೆಯವರೇ. ಯಾವ ಸಂಸ್ಥಾನದಿಂದ ಮನನೊಂದು ಹೊರನಡೆದಿದ್ದರೋ ಅದರ ಅರಸರ ಲೋಕೋಪಕಾರವನ್ನು ಗ್ರಂಥರೂಪದಲ್ಲಿ ಉಳಿಸಿಕೊಟ್ಟದ್ದು ಕ್ಷಮಾಧರ್ಮಕ್ಕೆ ಉಜ್ವಲ ನಿದರ್ಶನ. ತರುವಾಯ ರಾಜಾರಾಮ ಮಹಾರಾಜರ ಆಳ್ವಿಕೆಯಲ್ಲಿ ಅದೇ ಸಂಸ್ಥಾನದ ದಿವಾನಗಿರಿ ಅವರನ್ನು ಅರಸಿ ಬಂದಿತು.

1937ರಲ್ಲಿ ಬಿ.ಜಿ. ಖೇರರ ನೇತೃತ್ವದಲ್ಲಿ ಮುಂಬಯಿ ಪ್ರಾಂತದ ಕಾಂಗ್ರೆಸ್ ಮಂತ್ರಿಮಂಡಲ ರಚನೆಯಾದಾಗ ಲಠ್ಠೆಯವರು ಅರ್ಥಮಂತ್ರಿಗಳಾದರು. ಪಾನನಿರೋಧವನ್ನು ಜಾರಿಗೆ ತಂದರೆ ಅಬಕಾರಿ ಆದಾಯ ಖೋತಾ ಆಗುವುದು ನಿಶ್ಚಿತವಾಗಿತ್ತು. ಆ ಕೊರತೆಯನ್ನು ತುಂಬಲು 1939ರಲ್ಲಿ ಅವರು ನಗರದ ಸ್ಥಿರಾಸ್ತಿಗಳ ಮೇಲೆ ತೆರಿಗೆ ವಿಧಿಸಿದರು. ಆಸ್ತಿವಂತರ ವಿರೋಧಕ್ಕೆ ಮಣಿಯಲಿಲ್ಲ. ಅದೇ ವರ್ಷ ಆಗಸ್ಟ್ 1ರಂದು ಮುಂಬಯಿ ನಗರದಲ್ಲಿ ಪಾನನಿರೋಧ ಆರಂಭವಾಯಿತು. ಮದ್ಯತ್ಯಾಗವು ಶ್ರಾವಕರ ಅಷ್ಟಮೂಲಗುಣಗಳಲ್ಲಿ ಒಂದು. ಮನೆಯಲ್ಲಿ ಪಾಲಿಸುವ ವ್ರತವನ್ನು ರಾಜ್ಯದ ನೀತಿಯಾಗಿಸುವ ಕಾರ್ಯದಲ್ಲಿ ಲೆಕ್ಕಪತ್ರದ ಭಾರವನ್ನು ಹೊತ್ತವರು ಈ ಶ್ರಾವಕರು. ನವೆಂಬರಿನಲ್ಲಿ, ಯುದ್ಧದ ಪ್ರಶ್ನೆಯ ಮೇಲೆ, ಮಂತ್ರಿಮಂಡಲವು ರಾಜೀನಾಮೆ ನೀಡಿತು.

1950ರಲ್ಲಿ ಲಠ್ಠೆಯವರು ದಿವಂಗತರಾದರು. ಇಂದು ಗಡಿಯ ಎರಡೂ ಬದಿಗಳಲ್ಲಿ ನಮ್ಮ ಮಕ್ಕಳು ವಕೀಲರಾಗಿ, ವೈದ್ಯರಾಗಿ, ಅಧ್ಯಾಪಕರಾಗಿ ಬಾಳುತ್ತಿದ್ದಾರೆ. ಸ್ತವನಿಧಿಯಲ್ಲಿ ಅಂದು ಬಿತ್ತಿದ ಬೀಜದ ಫಲವಿದು. ದೇವಾಲಯದ ಹುಂಡಿಗೆ ಸಲ್ಲುವ ಕಾಣಿಕೆಯಂತೆಯೇ ಬಡ ವಿದ್ಯಾರ್ಥಿಯ ಕೈಗೆ ಸಲ್ಲುವ ಶಾಸ್ತ್ರದಾನವೂ ಪುಣ್ಯಕರವೆಂಬುದನ್ನು ಸಮಾಜಬಾಂಧವರು ಈ ಉತ್ಸವದ ಶುಭಸಂದರ್ಭದಲ್ಲಿ ಸ್ಮರಿಸಿ ನಡೆದುಕೊಂಡರೆ, ಅದೇ ಆ ಪುಣ್ಯಜೀವಿಗೆ ಸಲ್ಲಿಸುವ ನಿಜವಾದ ಶ್ರದ್ಧಾಂಜಲಿ.