ಭೂಮಿಯನ್ನು ತೂಗಿದ ಹೆನ್ರಿ ಕ್ಯಾವೆಂಡಿಶ್

ಒಂದು ತಂತಿ, ಅದಕ್ಕೆ ಅಡ್ಡಲಾಗಿ ತೂಗುಬಿಟ್ಟ ಮರದ ದಂಡ, ದಂಡದ ಎರಡು ತುದಿಗಳಲ್ಲಿ ಸೀಸದ ಗುಂಡುಗಳು. ಇಷ್ಟೇ ಸಾಮಗ್ರಿಯಿಂದ ಭೂಮಿಯನ್ನು ತೂಗಿದ ಕೀರ್ತಿ ಹೆನ್ರಿ ಕ್ಯಾವೆಂಡಿಶ್ ಅವರದು.

1731ರ ಅಕ್ಟೋಬರ್ 10ರಂದು ನೀಸ್ ನಗರದಲ್ಲಿ ಜನಿಸಿದ ಅವರು ಇಂಗ್ಲೆಂಡಿನ ಶ್ರೀಮಂತ ಮನೆತನದವರು. ಎರಡು ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡರು. 1749ರಲ್ಲಿ ಕೇಂಬ್ರಿಡ್ಜ್ ಸೇರಿ, 1753ರಲ್ಲಿ ಪದವಿ ಪಡೆಯದೆಯೇ ಹೊರಬಂದರು. 1760ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. ಮುಂದೆ ಹೈಡ್ರೋಜನ್ ಎಂದು ಹೆಸರಾದ ಅನಿಲದ ಗುಣಗಳನ್ನು 1766ರಲ್ಲಿ ವಿವರಿಸಿದರು. ಅಪಾರ ಸಂಪತ್ತಿದ್ದರೂ ಅವರದು ಸರಳ ಜೀವನ. ತಮ್ಮ ಗ್ರಂಥಾಲಯವನ್ನು ವಿದ್ವಾಂಸರಿಗೆ ತೆರೆದಿಟ್ಟಿದ್ದರು. ತಮ್ಮದೇ ಪುಸ್ತಕ ಒಯ್ಯುವಾಗಲೂ ರಸೀದಿಗೆ ಸಹಿ ಹಾಕುತ್ತಿದ್ದರಂತೆ. ಸಂಕೋಚ ಎಷ್ಟೆಂದರೆ ಮನೆಗೆಲಸದವಳಿಗೆ ಊಟದ ವಿಷಯವನ್ನೂ ಚೀಟಿ ಬರೆದು ತಿಳಿಸುತ್ತಿದ್ದರು.

ಭೂಮಿಯನ್ನು ತೂಗುವ ಉಪಕರಣವನ್ನು ಮೊದಲು ರೂಪಿಸಿದವರು ಜಾನ್ ಮಿಚೆಲ್. ಪ್ರಯೋಗ ನಡೆಸುವ ಮುನ್ನವೇ, 1793ರಲ್ಲಿ ಅವರು ತೀರಿಕೊಂಡರು. ಉಪಕರಣ ಕೈಗೆ ಬಂದಾಗ ಕ್ಯಾವೆಂಡಿಶ್ ಅದನ್ನು ಬಹುಪಾಲು ಹೊಸದಾಗಿ ನಿರ್ಮಿಸಿದರು. 1797-98ರಲ್ಲಿ ಪ್ರಯೋಗ ನಡೆಸಿದಾಗ ಅವರ ವಯಸ್ಸು ಅರವತ್ತಾರು.

ಗಡಿಯಾರದ ಲೋಲಕವನ್ನು ಮಧ್ಯಕ್ಕೆ ಎಳೆದು ತರುವುದು ಭೂಮಿಯ ಗುರುತ್ವ. ಆದರೆ ಈ ತಿರುಚು ಲೋಲಕವನ್ನು ಹಿಂದಕ್ಕೆ ತರುವುದು ತಿರುಚಿದ ತಂತಿಯ ಬಿಗಿತ. ಸುಮಾರು 158 ಕಿಲೋ ತೂಕದ ಎರಡು ದೊಡ್ಡ ಸೀಸದ ಗುಂಡುಗಳನ್ನು ದಂಡದ ಚಿಕ್ಕ ಗುಂಡುಗಳ ಬಳಿ ತಂದಾಗ ದಂಡ ಒಂದಿಷ್ಟು ತಿರುಗಿತು. ಆ ಸೆಳೆತ ಚಿಕ್ಕ ಗುಂಡಿನ ತೂಕದ ಸುಮಾರು ಐದು ಕೋಟಿಯಲ್ಲಿ ಒಂದು ಪಾಲು ಮಾತ್ರ! ಗಾಳಿಯ ಸುಳಿವೂ ಅದನ್ನು ಕೆಡಿಸಬಲ್ಲದು. ಅದಕ್ಕಾಗಿ ಕೋಣೆಯನ್ನು ಮುಚ್ಚಿ, ಹೊರಗಿನಿಂದಲೇ ದೊಡ್ಡ ಗುಂಡುಗಳನ್ನು ಸರಿಸಿ, ದೂರದರ್ಶಕದಲ್ಲಿ ಅಳತೆ ನೋಡಿದರು.

ತಂತಿಯ ಬಿಗಿತ ಎಷ್ಟೆಂದು ತಿಳಿಯುವುದು ಹೇಗೆ? ದಂಡವನ್ನು ಓಲಾಡಲು ಬಿಟ್ಟು, ಒಂದು ಓಲಾಟಕ್ಕೆ ಹಿಡಿಯುವ ಕಾಲವನ್ನು ಅಳೆದರು. ತಂತಿ ಬಿಗಿಯಾದಷ್ಟೂ ಓಲಾಟ ಚುರುಕು, ಸಡಿಲವಾದಷ್ಟೂ ನಿಧಾನ. ಗುಂಡುಗಳ ತೂಕವೂ ದಂಡದ ಉದ್ದವೂ ಗೊತ್ತಿರುವುದರಿಂದ ಆ ಕಾಲವೇ ಬಿಗಿತವನ್ನು ಹೇಳುತ್ತದೆ. ಬಿಗಿತ ತಿಳಿದರೆ ಸೆಳೆತದ ಪ್ರಮಾಣ ತಿಳಿಯುತ್ತದೆ. ಅದನ್ನು ಭೂಮಿಯ ಸೆಳೆತದೊಡನೆ ಹೋಲಿಸಿ, ಭೂಮಿಯ ಸಾಂದ್ರತೆ ನೀರಿನ 5.48 ಪಟ್ಟು ಎಂದು 1798ರಲ್ಲಿ ಪ್ರಕಟಿಸಿದರು. ಅವರ ಲೆಕ್ಕದಲ್ಲಿದ್ದ ಸಣ್ಣ ತಪ್ಪನ್ನು ತಿದ್ದಿದರೆ ಅದು 5.45. ಇಂದಿನ ಅಳತೆ 5.51. ಮೇಲ್ಮೈಯ ಬಂಡೆಗಳಿಗಿಂತ ಭೂಮಿಯ ಒಡಲು ಎಷ್ಟೋ ಭಾರವೆಂಬುದು ಇದರಿಂದ ದೃಢಪಟ್ಟಿತು.

ತಮ್ಮ ಪ್ರಬಂಧದ ಆರಂಭದಲ್ಲಿಯೇ ಅವರು ಮಿಚೆಲ್ ಅವರಿಗೆ ಸಲ್ಲಬೇಕಾದ ಗೌರವ ಸಲ್ಲಿಸಿದರು. ಆದರೆ ತಮ್ಮದೇ ಶ್ರಮಕ್ಕೆ ಅವರು ಇಂಥ ನ್ಯಾಯ ಒದಗಿಸಲಿಲ್ಲ. ವಿದ್ಯುತ್ತಿನ ಬಗ್ಗೆ ಅವರು ಕಂಡುಕೊಂಡ ಎಷ್ಟೋ ಸಂಗತಿಗಳು ಹಸ್ತಪ್ರತಿಯಲ್ಲೇ ಉಳಿದವು. 1810ರ ಫೆಬ್ರವರಿ 24ರಂದು ಅವರು ನಿಧನರಾದರು. ಮ್ಯಾಕ್ಸ್‌ವೆಲ್ ಆ ಬರಹಗಳನ್ನು ಪ್ರಕಟಿಸಿದ್ದು 1879ರಲ್ಲಿ. ಅಷ್ಟರೊಳಗೆ ಅದೇ ನಿಯಮಗಳು ಕೂಲಂಬ್ ಮತ್ತು ಓಮ್ ಅವರ ಹೆಸರಿನಲ್ಲಿ ಜಗತ್ತಿಗೆ ಪರಿಚಿತವಾಗಿದ್ದವು.

ಅವರ ತಾಳ್ಮೆ, ಶಿಸ್ತು, ಪ್ರಾಮಾಣಿಕತೆ ನಮ್ಮ ವಿದ್ಯಾರ್ಥಿಗಳಿಗೆ ಆದರ್ಶವಾಗಲಿ. ಕಲಿತದ್ದನ್ನು ಪೆಟ್ಟಿಗೆಯಲ್ಲಿಟ್ಟರೆ ಅದರ ಫಲ ಜನರಿಗೆ ತಡವಾಗಿ ತಲುಪುತ್ತದೆ ಎಂಬ ಎಚ್ಚರವೂ ಜೊತೆಗಿರಲಿ.